ಅಡಿಗೆಮನೆಯೂ ಒಂದು ಕಾರ್ಯಶಾಲೆ
(ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ವಿಜ್ಞಾನವೆಂದೊಡನೆ ನಮ್ಮ ದೃಷ್ಟಿ ಪ್ರಯೋಗಶಾಲೆಯತ್ತ ಹೊರಳುತ್ತದೆ, ಅಡಿಗೆಮನೆಯತ್ತ ಹೊರಳುವುದಿಲ್ಲ. ಆದರೆ ಬೆಂಕಿ, ನೀರು, ಧಾನ್ಯ, ವೇಳೆ ಇವೆಲ್ಲವನ್ನೂ ದಿನಂಪ್ರತಿ ಅಳೆದು ಬಳಸುವ ಕಾರ್ಯಶಾಲೆ ನಮ್ಮ ಮನೆಯಲ್ಲಿಯೇ ಇದೆ.

1912ರಲ್ಲಿ ಅಮೇರಿಕೆಯ ಕ್ರಿಸ್ಟೀನ್ ಫ್ರೆಡರಿಕ್ ಎಂಬ ಗೃಹಿಣಿ ಈ ವಿಚಾರವನ್ನು ಲೇಖನಮಾಲೆಯೊಂದರಲ್ಲಿ ಜನರ ಮುಂದಿಟ್ಟರು. ಕಾರಖಾನೆಗಳಲ್ಲಿ ಕೆಲಸಗಾರರ ಚಲನವಲನಗಳನ್ನು ಅಳೆಯುತ್ತಿದ್ದ ಪದ್ಧತಿಯನ್ನು ಅವರು ಒಲೆಯ ಬಳಿಗೆ ತಂದರು. ಪಾತ್ರೆ ತೊಳೆಯುವ ಸ್ಥಳ ತಗ್ಗಾಗಿದ್ದರೆ ಬೆನ್ನು ಬಾಗುತ್ತದೆ. ಬೇಕಾದ ವಸ್ತು ದೂರವಿದ್ದರೆ ಕಾಲು ದಣಿಯುತ್ತದೆ. ಆದುದರಿಂದ ಕೆಲಸದ ಕ್ರಮಕ್ಕನುಸಾರವಾಗಿಯೇ ಒಲೆ, ಮೇಜು, ಕಪಾಟುಗಳನ್ನು ಇಡಬೇಕೆಂಬುದು ಅವರ ವಾದ.

ನಮ್ಮ ನಾಡಿನ ಮುಖ್ಯ ಪ್ರಶ್ನೆ ಹೊಗೆ ಮತ್ತು ಕಟ್ಟಿಗೆಗಳದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ವಿಭಾಗವನ್ನು ತೆರೆದರು. ಆ ವಿಜ್ಞಾನಿಗಳು ಕುಣಿಗಲ್ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ದುಡಿಮೆಯ ಲೆಕ್ಕ ತೆಗೆದರು. ಮನುಷ್ಯಶ್ರಮದಲ್ಲಿ ಗಂಡಸರ ಪಾಲು ಶೇಕಡಾ 31, ಹೆಂಗಸರದು 53, ಮಕ್ಕಳದು 16 ಎಂದು ಕಂಡುಬಂದಿತು. ಹೊಲದ ದುಡಿಮೆ ಎಲ್ಲರ ಕಣ್ಣಿಗೆ ಬೀಳುತ್ತದೆ. ನೀರು, ಕಟ್ಟಿಗೆ, ಒಲೆಗಳ ದುಡಿಮೆ ಲೆಕ್ಕಕ್ಕೆ ಬಂದುದು ಅಳೆದ ಮೇಲೆಯೇ.

ಮುಂದೆ ಅದೇ ವಿಭಾಗದಲ್ಲಿ ‘ಅಸ್ತ್ರ ಒಲೆ’ ಸಿದ್ಧವಾಯಿತು. ಮೂರು ಕಲ್ಲಿನ ಒಲೆಯಲ್ಲಿ ಉರಿಯ ಬಹುಪಾಲು ಗಾಳಿಗೆ ಹೋಗುತ್ತದೆ. ಈ ಒಲೆಯಲ್ಲಿ ಮೂರು ಪಾತ್ರೆಗಳು ಬಾಯಿಗಳಲ್ಲಿ ಬಿಗಿಯಾಗಿ ಕೂಡುತ್ತವೆ. ತುಂಡು ಕಟ್ಟಿಗೆ ಜಾಲರಿಯ ಮೇಲೆ ಉರಿಯುತ್ತದೆ. ಬಿಸಿ ಮೊದಲ ಪಾತ್ರೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹರಿದು, ಹೊಗೆ ಕೊಳವೆಯಿಂದ ಹೊರಬೀಳುತ್ತದೆ. ಕಟ್ಟಿಗೆ ಉಳಿಯಿತು, ಕಣ್ಣು ಮತ್ತು ಪುಪ್ಪುಸಗಳಿಗೂ ನೆಮ್ಮದಿಯಾಯಿತು.

ಆದರೆ ಒಂದೂರಿನ ಒಲೆಯನ್ನು ಇನ್ನೊಂದೂರಿಗೆ ಹಾಗೆಯೇ ತರಲಾಗದು. ಅಲ್ಲಿಯದು ಮುದ್ದೆಯ ಊಟ. ಸೊಲ್ಲಾಪುರ, ಅಕ್ಕಲಕೋಟೆಗಳದು ಜೋಳದ ರೊಟ್ಟಿಯ ಊಟ. ರೊಟ್ಟಿ ಬಡಿಯುವ ಜಾಗ, ಹಂಚು, ಕೆಂಡ ಮೂರೂ ಕೈಯಳತೆಯಲ್ಲಿರಬೇಕು. ಆದ್ದರಿಂದ ಅಡಿಗೆಮನೆ ಕಟ್ಟಿಸುವವರು ಗವಂಡಿಯನ್ನು ಕೇಳುವ ಮುನ್ನ ರೊಟ್ಟಿ ಬಡಿಯುವವರನ್ನು ಕೇಳಬೇಕು. ಇಂದು ಅನೇಕ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಸಿಲಿಂಡರ್ ತೀರಿದಾಗ ಕಟ್ಟಿಗೆ, ಕುಳ್ಳುಗಳೇ ಗತಿಯಾದ ಮನೆಗಳು ಇನ್ನೂ ಇವೆ.

ಇಲ್ಲಿ ಪಾಲಕರು ಆಲೋಚಿಸಬೇಕಾದ ಮಾತೊಂದಿದೆ. ಉಳಿದ ವೇಳೆ ಯಾರದು? ಒಂದು ಗಂಟೆ ಉಳಿಯಿತೆಂದು ತಾಯಿಗೆ ಇನ್ನೊಂದು ಕೆಲಸ ಹಚ್ಚಿದರೆ ಸುಧಾರಣೆ ಆದಂತಾಗಲಿಲ್ಲ. ಆ ಗಂಟೆ ಅವಳ ವಿಶ್ರಾಂತಿಗೆ ಸಲ್ಲಬೇಕು. ಮಗಳು ನೀರಿಗೆಂದು ಶಾಲೆ ತಪ್ಪಿಸುವ ಮನೆಯಲ್ಲಿ ಕೊಡವನ್ನು ಮಗನೂ ಹೊರಬೇಕು.

ವಿದ್ಯಾರ್ಥಿಗಳೇ, ಒಂದು ದಿನ ನಿಮ್ಮ ತಾಯಿ ಅಡಿಗೆಮನೆಯಲ್ಲಿ ಎಷ್ಟು ಹೆಜ್ಜೆ ಇಡುತ್ತಾರೆ, ಎಷ್ಟು ಸಲ ಬಾಗಿ ಏಳುತ್ತಾರೆ ಎಂಬುದನ್ನು ಎಣಿಸಿರಿ. ಚೌಕುಳಿ ಕಾಗದದ ಮೇಲೆ ಆ ಕೋಣೆಯ ನಕಾಶೆ ಬರೆಯಿರಿ. ಯಾವ ಡಬ್ಬಿಯ ಸ್ಥಳ ಬದಲಿಸಿದರೆ ಎಷ್ಟು ಹೆಜ್ಜೆ ಉಳಿದೀತೆಂದು ತಾಯಿಯೊಡನೆ ಕುಳಿತು ವಿಚಾರಿಸಿರಿ. ಗಣಿತ, ಭೂಮಿತಿ, ವಿಜ್ಞಾನ ಮೂರೂ ಆ ಒಂದು ಹಾಳೆಯಲ್ಲಿ ಕೂಡಿ ಬರುತ್ತವೆ. ಅನ್ನವಿಕ್ಕುವ ಕೈಗಳ ಶ್ರಮದ ಅರಿವೂ ಬರುತ್ತದೆ. ಅಂಥ ಹಾಳೆಗಳನ್ನು ತರಗತಿಯ ಗೋಡೆಗೆ ಹಚ್ಚಲು ನಾವು ಸಿದ್ಧರಿದ್ದೇವೆ.