ಕೆಲಸ ಸಿಕ್ಕಿದ ಮೇಲೂ ಕನ್ನಡಿಗನ ಬೆನ್ನಿಗೆ ಯಾರು?

(ಬಳ್ಳಾರಿಯಲ್ಲಿ ನಡೆದ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)

ಕನ್ನಡದ ಗೆಳೆಯರೇ, ಸಿರುಗುಪ್ಪ, ಕುರುಗೋಡಿನಿಂದ ಬಸ್ಸು ಹಿಡಿದು ಬಂದಿರುವ ತಮ್ಮಂದಿರೇ, ತಂಗಿಯರೇ,

ಕನ್ನಡಿಗರಿಗೆ ಉದ್ಯೋಗ ಕೊಡಿ ಎಂದು ನಾವು ಕೂಗುತ್ತ ಬಂದು ದಶಕಗಳೇ ಕಳೆದವು. 1986ರಲ್ಲಿ ಸರೋಜಿನಿ ಮಹಿಷಿ ವರದಿ ಸರ್ಕಾರದ ಕೈ ಸೇರಿತು. ಅದರ ಪೂರ್ಣ ಜಾರಿಗೆ ಹೋರಾಡಲೇಬೇಕು. ಆದರೆ ಕೆಲಸ ಸಿಕ್ಕಿದ ಮರುದಿನ ಆ ಕನ್ನಡಿಗನ ಗತಿ ಏನು? ಗೇಟಿನಾಚೆ ತಳ್ಳಿದ ದಿನ ಅವನ ಪರ ಯಾರು ನಿಲ್ಲುತ್ತಾರೆ? ಈ ಪ್ರಶ್ನೆಯನ್ನು ನಮ್ಮ ಚಳವಳಿ ಕೇಳಿದ್ದು ಕಡಿಮೆ.

ಶ್ರೀರಂಗಪಟ್ಟಣದ ಹೆಣ್ಣುಮಕ್ಕಳು ಅದಕ್ಕೆ ಉತ್ತರ ಕೊಟ್ಟಿದ್ದಾರೆ. 2020ರ ಜೂನ್ ತಿಂಗಳು, ಕೊರೋನಾ ಕಾಲ. ಅಲ್ಲಿ ಗೋಕುಲದಾಸ್ ಎಕ್ಸ್‌ಪೋರ್ಟ್ಸ್ ಸಂಸ್ಥೆಗೆ ಸೇರಿದ ಯೂರೋ ಕ್ಲಾತಿಂಗ್ ಎಂಬ ಸಿದ್ಧ ಉಡುಪು ಕಾರ್ಖಾನೆ ಇತ್ತು. ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ ಬಟ್ಟೆ ಹೊಲಿಯುತ್ತಿತ್ತು. ಆರ್ಡರ್ ಇಲ್ಲವೆಂದು ಹೇಳಿ 1,200ಕ್ಕೂ ಹೆಚ್ಚು ಕೆಲಸಗಾರರನ್ನು ಲೇಆಫ್ ಮಾಡಿದರು. ಬಹುಪಾಲು ಮಂದಿ ಸುತ್ತಲಿನ ಹಳ್ಳಿಗಳ ಹೆಂಗಸರು. ಸಂಘ ಕಟ್ಟಿದ್ದಕ್ಕೇ ಈ ಶಿಕ್ಷೆ ಎಂಬುದು ಅವರ ಆರೋಪ. ಅವರು ಮನೆಗೆ ಹೋಗಲಿಲ್ಲ. ವಾರಗಟ್ಟಲೆ ಕಾರ್ಖಾನೆಯಲ್ಲೇ ಧರಣಿ ಕೂತರು.

ಅವರಿಗೆ ಎರಡು ಬಲ ಇದ್ದವು. ಒಂದು, ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್. ಅದು ಕಷ್ಟದ ದಿನ ಹುಟ್ಟಿದ್ದಲ್ಲ. ಒಳಗೆ ವರ್ಷಗಳಿಂದ ಬೇರು ಬಿಟ್ಟಿತ್ತು. ಎರಡನೆಯದು, ಆ ಯೂನಿಯನ್ ಜಿನೀವಾದಲ್ಲಿ ಕಚೇರಿಯಿರುವ ಇಂಡಸ್ಟ್ರಿಯಾಲ್ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದ ಸದಸ್ಯ. ಈ ಒಕ್ಕೂಟವೂ ಸ್ವೀಡನ್ನಿನ ಐಎಫ್ ಮೆಟಾಲ್ ಯೂನಿಯನ್ನೂ 2015ರಲ್ಲೇ ಎಚ್ ಅಂಡ್ ಎಂ ಜೊತೆ ಒಪ್ಪಂದ ಮಾಡಿಕೊಂಡಿದ್ದವು. ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ಸಂಘ ಕಟ್ಟುವ ಹಕ್ಕು ಇರಬೇಕೆಂಬುದು ಅದರ ಒಂದು ಮುಖ್ಯ ಮಾತು. ಹೀಗಾಗಿ ಕಾವೇರಿ ದಂಡೆಯ ಕೂಗು ಸ್ವೀಡನ್ನಿನವರೆಗೆ ಹೋಯಿತು. ಇಲ್ಲಿನ ಮಾಲೀಕರು ಕಿವಿ ಮುಚ್ಚಿಕೊಂಡರೂ ಅಲ್ಲಿನ ಕೊಳ್ಳುವವರು ಮುಚ್ಚಿಕೊಳ್ಳುವಂತಿರಲಿಲ್ಲ.

2021ರ ಆರಂಭದಲ್ಲಿ ಒಪ್ಪಂದವಾಯಿತು. ಕಂಪನಿ ಯೂನಿಯನ್ನಿಗೆ ಮಾನ್ಯತೆ ಕೊಟ್ಟಿತು, ಕೆಲಸ ಕಳೆದುಕೊಂಡವರನ್ನು ತನ್ನ ಬೇರೆ ಕಾರ್ಖಾನೆಗಳಿಗೆ ತೆಗೆದುಕೊಳ್ಳಲು ಒಪ್ಪಿತು. ಪೂರ್ತಿ ಗೆಲುವು ಅಂತ ನಾನು ಹೇಳುವುದಿಲ್ಲ. ಅದೇ ಕಾರ್ಖಾನೆ ಮತ್ತೆ ತೆರೆಯಬೇಕೆಂಬ ಬೇಡಿಕೆ ಈಡೇರಲಿಲ್ಲ. ಆದರೂ ಹೊರಹಾಕಿದವರೇ ಕರೆದು ಮಾತಾಡಬೇಕಾಯಿತು. ಇದು ಸಣ್ಣದಲ್ಲ.

ಈಗ ನಮ್ಮೂರಿನ ಮಾತು. ಬಳ್ಳಾರಿ ಜೀನ್ಸ್ ದೇಶಕ್ಕೆಲ್ಲ ಗೊತ್ತು. ಕೌಲ್ ಬಜಾರಿನ ಮನೆಮನೆಯಲ್ಲೂ ಮೆಷಿನ್ ಸದ್ದು. ಆದರೆ ಇಲ್ಲಿರುವುದು ಸಣ್ಣ ಸಣ್ಣ ಘಟಕಗಳು, ಪೀಸ್ ಲೆಕ್ಕದ ಕೂಲಿ. ಒತ್ತಡ ಹೇರೋಣವೆಂದರೆ ಇವುಗಳ ಹಿಂದೆ ಸ್ವೀಡನ್ನಿನ ದೊಡ್ಡ ಕಂಪನಿ ಇಲ್ಲ. ಆದ್ದರಿಂದ ನಮಗೆ ಮೊದಲ ಬಲವೇ ಹೆಚ್ಚು ಮುಖ್ಯ. ಸಂಘ ನೋಂದಾಯಿಸಲು ಏಳು ಮಂದಿ ಅರ್ಜಿ ಹಾಕಬಹುದು. ಕೆಲಸಗಾರರಲ್ಲಿ ಶೇಕಡಾ 10 ಅಥವಾ 100, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ಇದೇನು ಅಸಾಧ್ಯವೇ?

ಭಾಷೆಯ ಹೋರಾಟವೂ ಇಲ್ಲೇ ಇದೆ. ಕಾರ್ಖಾನೆಯ ನೋಟೀಸು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಕಾಯ್ದೆ ಬದಲಾದರೂ ನಮ್ಮ ಬೇಡಿಕೆ ಬದಲಾಗಬಾರದು. ನೇಮಕಾತಿ ಪತ್ರ, ಸಂಬಳದ ಚೀಟಿ, ಲೇಆಫ್ ನೋಟೀಸು ಎಲ್ಲ ಕನ್ನಡದಲ್ಲಿರಲಿ. ಓದಲು ಬಾರದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಮೋಸವಲ್ಲದೆ ಮತ್ತೇನು? ಅಂಗಡಿಯ ಬೋರ್ಡು ಕನ್ನಡದಲ್ಲಿರಲಿ ಎನ್ನುವ ನಾವು ಕಾರ್ಖಾನೆಯ ಗೇಟಿಗೂ ಹೋಗೋಣ.

ಇನ್ನೊಂದು ಮಾತು. ಪಕ್ಕದ ಮೆಷಿನ್ನಿನಲ್ಲಿ ಆಂಧ್ರದವನೋ ಬಿಹಾರದವನೋ ಕೂತಿದ್ದರೆ ಅವನು ವೈರಿಯಲ್ಲ. ಅವನಿಗೆ ಕನ್ನಡ ಕಲಿಸಿ, ಸಂಘಕ್ಕೆ ಸೇರಿಸಿ. ಸ್ವೀಡನ್ನಿನ ಕಾರ್ಮಿಕ ನಮ್ಮ ಹೆಣ್ಣುಮಕ್ಕಳ ಪರ ನಿಂತಾಗ ಅವರ ಭಾಷೆ ಯಾವುದೆಂದು ಕೇಳಲಿಲ್ಲ.

ಹೋಗಿ, ಏಳು ಮಂದಿ ಸೇರಿ. ಅರ್ಜಿ, ಕರಪತ್ರ, ರಸೀದಿ ಪುಸ್ತಕ ಅಚ್ಚು ಹಾಕಿಕೊಡುವ ಜವಾಬ್ದಾರಿ ನನಗಿರಲಿ.

ಸಿರಿಗನ್ನಡಂ ಗೆಲ್ಗೆ!