ಕಾಯಿಲೆಯೋ, ಮಾತ್ರೆಯೋ?

ಮನೆಯಲ್ಲೊಬ್ಬರು ಮಾತು ಬಿಟ್ಟು, ಊಟ ಬಿಟ್ಟು, ಗೋಡೆ ನೋಡುತ್ತ ಕೂತರೆ ಹಿಂದೆ ‘ಗಾಳಿ ಸೋಕಿದೆ’ ಅನ್ನುತ್ತಿದ್ದರು. ಈಗ ‘ಮಾತ್ರೆ ತಿಂದೂ ತಿಂದೂ ಹೀಗಾದ’ ಅನ್ನುತ್ತಾರೆ. ಇವತ್ತು ನನ್ನ ತಕರಾರು ಈ ಎರಡನೆಯ ಮಾತಿನ ಮೇಲೆ.

ಜರ್ಮನಿಯ ಮನೋವೈದ್ಯ ಕಾಲ್‌ಬೌಮ್ ಹೀಗೆ ಮಾತು ನಿಂತು ಮೈ ಮರಗಟ್ಟುವ ಕ್ಯಾಟಟೋನಿಯಾ ಕುರಿತು ಪುಸ್ತಕ ಬರೆದದ್ದು 1874ರಲ್ಲಿ. ಕ್ಲೋರ್‌ಪ್ರೊಮಜಿನ್ ಎಂಬ ಇಂಥ ಮೊದಲ ಔಷಧ ಮಾನಸಿಕ ರೋಗಿಗಳ ವಾರ್ಡಿಗೆ ಬಂದದ್ದು 1952ರಲ್ಲಿ. ಅಲ್ಲಿಯವರೆಗೆ ರೋಗಿಗಳು ಮರಗಟ್ಟಿ ನಿಂತದ್ದು, ಎತ್ತಿದ ಕೈ ಎತ್ತಿದಂತೆಯೇ ಉಳಿದದ್ದು ಯಾವ ಮಾತ್ರೆಯಿಂದ?

ನಾನು ಮನೋವೈದ್ಯಕೀಯ ಕಲಿಯುತ್ತಿದ್ದಾಗ ನಮ್ಮ ಮೇಷ್ಟ್ರು ರೌಂಡ್ಸಿಗೆ ಬಂದರೆ ಮಂಚದ ಪಕ್ಕ ಸುಮ್ಮನೆ ನಿಂತು ರೋಗಿಯ ಬೆರಳು, ತುಟಿ, ನಾಲಿಗೆ ನೋಡುತ್ತಿದ್ದರು. ಆಮೇಲೆ ನಮ್ಮ ಕೇಸ್ ಶೀಟ್ ತಿರುವಿ, ‘ಮಾತು ಪುಟಗಟ್ಟಲೆ ಬರೆದಿದ್ದೀರಿ, ಮೈ ಎಲ್ಲಿದೆಯಪ್ಪಾ?’ ಅನ್ನುತ್ತಿದ್ದರು. ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅದಕ್ಕೇ 1996ರಲ್ಲಿ ಪ್ರಕಟವಾದ ಮದ್ರಾಸಿನ ಅಧ್ಯಯನ ನನಗೆ ಅಷ್ಟು ಮುಖ್ಯ. ಮೆಕ್‌ಕ್ರೀಡಿ, ತಾರಾ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದ್ದೂ ಔಷಧವನ್ನೇ ಕಾಣದ 21 ಹಿರಿಯರನ್ನು ಹುಡುಕಿ ನೋಡಿದರು. ತಾನಾಗಿ ಬಾಯಿ ಮೆಲ್ಲುವ, ನಾಲಿಗೆ ಹೊರಳಿಸುವ ಚಲನೆಗಳು ಅವರಲ್ಲಿ ಶೇ. 38 ಮಂದಿಗಿದ್ದವು; ಔಷಧ ತೆಗೆದುಕೊಂಡವರಲ್ಲಿ ಶೇ. 41, ಕಾಯಿಲೆಯೇ ಇಲ್ಲದ ಹಿರಿಯರಲ್ಲಿ ಶೇ. 15. ಇಂಥ ರೋಗಿಗಳು ಪಶ್ಚಿಮದಲ್ಲಿ ಸಿಗುವುದು ದುರ್ಲಭ. ನಮ್ಮಲ್ಲಿ ಸಿಕ್ಕರು ಎಂಬುದರ ಹಿಂದೆ ಚಿಕಿತ್ಸೆ ತಲುಪದ ಎಷ್ಟೋ ವರ್ಷಗಳ ನೋವಿದೆ.

ಹಾಗೆಂದು ಔಷಧ ನಿರಪರಾಧಿ ಅಲ್ಲ. ಕೈ ನಡುಕ, ಮೈ ಬಿಗಿತ, ವರ್ಷಗಳ ನಂತರ ಕಾಣುವ ಟಾರ್ಡಿವ್ ಡಿಸ್ಕೈನೀಸಿಯಾ ಎಂಬ ಇಂಥದೇ ಬಾಯಿ-ನಾಲಿಗೆಯ ಚಲನೆ ಅದರಿಂದ ಬರುವುದು ನಿಜ. ಕ್ಯಾಟಟೋನಿಯಾವನ್ನು ಗುರುತಿಸದೆ ಅದೇ ಔಷಧದ ಪ್ರಮಾಣ ಏರಿಸಿದರೆ ಜ್ವರ ಬಂದು, ಮೈ ಸೆಟೆದು ಪ್ರಾಣಕ್ಕೇ ಎರವಾಗಬಹುದು. ಗುರುತಿಸಿದರೆ ಲೊರಾಜೆಪಾಮ್ ಇಂಜೆಕ್ಷನ್ನಿಗೆ ಕೆಲವರು ಗಂಟೆಗಳಲ್ಲೇ ಮಾತಾಡಿ ಅನ್ನ ಕೇಳುತ್ತಾರೆ. ಅದಕ್ಕೆ ಬಗ್ಗದಿದ್ದರೆ ವಿದ್ಯುತ್ ಚಿಕಿತ್ಸೆ ಇದೆ. ವರ್ಷಗಟ್ಟಲೆ ಹಾಗೇ ಕೂತವರಲ್ಲಿ ಮಾತ್ರ ಈ ಫಲ ಸುಲಭವಾಗಿ ಸಿಗುವುದಿಲ್ಲ.

ಹಾಗಾದರೆ ಮದ್ರಾಸಿನ ಅಧ್ಯಯನದ ಆ 38 ಮತ್ತು 41ರ ನಡುವಿನ ಅಂತರವಷ್ಟೇ ಔಷಧದ ಪಾಲೇ? ಅದೇ ಔಷಧ ಕೆಲವೊಮ್ಮೆ ಈ ಚಲನೆಗಳನ್ನು ಅಡಗಿಸಿಯೂ ಇಡುತ್ತದೆ, ಆ ಲೆಕ್ಕ ಎಲ್ಲಿ ಸೇರಿಸುವುದು? ‘ಮಾತ್ರೆಯಿಂದಲೇ ಅಲ್ಲವಾ ಡಾಕ್ಟ್ರೇ?’ ಎಂದು ತಾಯಿಯೊಬ್ಬರು ಕೇಳಿದರೆ ನಾನು ಹೌದೆನ್ನಲೇ, ಅಲ್ಲವೆನ್ನಲೇ?

ನಿಮ್ಮಲ್ಲಿ ಒಂದು ವಿನಂತಿ. ಮೊದಲ ಮಾತ್ರೆಗೂ ಮುಂಚೆ ರೋಗಿಯ ಕೈಕಾಲು, ಬಾಯಿ, ನಡಿಗೆ ಹೇಗಿದೆ ಎಂದು ನೋಡಿ ಬರೆದಿಡಲು ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.