ಹಳೇ ಅಂಬಾಸಡರ್ ಸ್ಟೀರಿಂಗ್: ‘ಸ್ವಲ್ಪ ಪ್ಲೇ ಇದೆ’ ಅಂದ್ರೆ ಎಷ್ಟು?

ಚಾಂಪಿಯನ್ ರೀಫ್ಸ್‌ನಿಂದ ಮಾತಾಡ್ತಾ ಇದ್ದೀನಿ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೊರಟು, ಬಂಗಾರಪೇಟೆ ಬರೋ ಹೊತ್ತಿಗೆ ಇಯರ್‌ಫೋನ್ ಹಾಕ್ಕೊಂಡಿರೋರಿಗೂ, ರಾತ್ರಿ ಮಲಗೋ ಮುಂಚೆ ಕೇಳೋರಿಗೂ ಸ್ವಾಗತ.

ಇವತ್ತಿನ ವಿಷಯ ಅಂಬಾಸಡರ್ ಕಾರಿನ ಸ್ಟೀರಿಂಗ್. ನಗಬೇಡಿ. ಉತ್ತರಪಾರಾ ಕಾರ್ಖಾನೆಯಲ್ಲಿ ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿತು, ನಿಜ. ಆದರೆ ತಾತನ ಕಾಲದ ಗಾಡಿಯನ್ನ ಮಾರೋಕೆ ಮನಸ್ಸಿಲ್ಲದೆ ಶೆಡ್‌ನಲ್ಲಿ ಇಟ್ಕೊಂಡಿರೋ ಮನೆಗಳಿವೆ. ಮದುವೆಗೆ ಹೂವಿನ ಅಲಂಕಾರ ಮಾಡಿ ಬಾಡಿಗೆಗೆ ಬಿಡೋರಿದ್ದಾರೆ. ಈಗ ನಮ್ಮ ವಯಸ್ಸಿನ ಹುಡುಗರೇ ಹುಡುಕಿಕೊಂಡು ಹೋಗಿ ಹಳೇ ಆಂಬಿ ತಗೊಳ್ತಾ ಇದ್ದಾರೆ. ಪೇಂಟ್‌ಗೆ ದುಡ್ಡು ಹಾಕ್ತಾರೆ, ಸೀಟ್ ಕವರ್‌ಗೆ ಹಾಕ್ತಾರೆ, ಮ್ಯೂಸಿಕ್ ಸಿಸ್ಟಮ್‌ಗೂ ಹಾಕ್ತಾರೆ. ಸ್ಟೀರಿಂಗ್ ಹೇಗಿದೆ ಅಂತ ಕೇಳಿದ್ರೆ ಬರೋ ಉತ್ತರ ಒಂದೇ: ‘ಸ್ವಲ್ಪ ಪ್ಲೇ ಇದೆ, ಬಿಡಣ್ಣ, ಅಭ್ಯಾಸ ಆಗೋಗಿದೆ.’

ಈ ‘ಅಭ್ಯಾಸ ಆಗೋಗಿದೆ’ ಅನ್ನೋ ಮಾತಿನ ಬಗ್ಗೇನೇ ಇವತ್ತು ಮಾತಾಡೋಣ.

ಮೊದಲು ಈ ಸ್ಟೀರಿಂಗ್ ಹೇಗೆ ಕೆಲಸ ಮಾಡುತ್ತೆ ನೋಡೋಣ. ಅಂಬಾಸಡರ್ ಅಂದ್ರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಭಾರತೀಯ ರೂಪ. ಅದರಲ್ಲಿರೋದು ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ನೀವು ಹಿಡಿಯೋ ಆ ದೊಡ್ಡ ಚಕ್ರದ ಕಂಬ ಕೆಳಗೆ ಹೋಗಿ ಒಂದು ಚಿಕ್ಕ ಹಲ್ಲಿನ ಗಾಲಿಗೆ ಸೇರುತ್ತೆ. ಅದು ಪಿನಿಯನ್. ಆ ಗಾಲಿ ಅಡ್ಡಡ್ಡ ಮಲಗಿರೋ ಹಲ್ಲಿನ ಸರಳನ್ನ ಎಡಕ್ಕೋ ಬಲಕ್ಕೋ ತಳ್ಳುತ್ತೆ. ಅದು ರ‍್ಯಾಕ್. ರ‍್ಯಾಕ್‌ನ ಎರಡೂ ತುದಿಯಿಂದ ಒಂದೊಂದು ಟೈ ರಾಡ್ ಹೊರಟು, ಕೊನೆಯಲ್ಲಿ ಒಂದು ಬಾಲ್ ಜಾಯಿಂಟ್ ಮೂಲಕ ಮುಂದಿನ ಚಕ್ರವನ್ನ ಹಿಡಿದುಕೊಂಡಿರುತ್ತೆ. ಆ ಬಾಲ್ ಜಾಯಿಂಟ್‌ಗೆ ಟೈ ರಾಡ್ ಎಂಡ್ ಅಂತಾರೆ. ಚಕ್ರ ತಿರುಗೋದು ಒಂದು ಲಂಬವಾದ ಪಿನ್ ಮೇಲೆ, ಗ್ಯಾರೇಜ್‌ಗಳಲ್ಲಿ ಅದಕ್ಕೆ ಕಿಂಗ್ ಪಿನ್ ಅಂತಾರೆ. ಅಲ್ಲಿ ಗ್ರೀಸ್ ಹೊಡೆಯೋಕೆ ನಿಪ್ಪಲ್ ಇರುತ್ತೆ. ಕಾಲಕಾಲಕ್ಕೆ ಗ್ರೀಸ್ ಕುಡಿಸಿದ್ರೆ ಇದು ಬಾಳೋ ಗಾಡಿ. ಕುಡಿಸದಿದ್ರೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತೆ.

ಈಗ ‘ಪ್ಲೇ’ ಅಂದ್ರೇನು? ನೀವು ಸ್ಟೀರಿಂಗ್ ತಿರುಗಿಸ್ತೀರಿ, ಆದರೆ ಚಕ್ರ ಇನ್ನೂ ತಿರುಗಿಲ್ಲ. ಆ ನಡುವಿನ ಖಾಲಿ ಜಾಗವೇ ಪ್ಲೇ. ಇದಕ್ಕೆ ಕಾನೂನಿನಲ್ಲೂ ಒಂದು ಅಳತೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೇ ನಿಯಮ ನೋಡಿ. ಸ್ಟೀರಿಂಗ್ ಚಕ್ರದ ಪ್ಲೇ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟು ಪಿನ್ನುಗಳು ಕಳಚಿಕೊಳ್ಳದ ಹಾಗೆ ಲಾಕ್ ಆಗಿರಬೇಕು ಅನ್ನುತ್ತೆ ಅದು.

30 ಡಿಗ್ರಿ ಅಂದ್ರೆ ಗಡಿಯಾರದಲ್ಲಿ 12ರಿಂದ 1ರವರೆಗೆ. ಸ್ಟೀರಿಂಗ್ ಅಡ್ಡಳತೆ 42 ಸೆಂಟಿಮೀಟರ್ ಇದ್ರೆ ಅಂಚಿನಲ್ಲಿ ಸುಮಾರು 11 ಸೆಂಟಿಮೀಟರ್. ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಇದು ಕಾನೂನು ಸಹಿಸೋ ಕೊನೆಯ ಗೆರೆ ಅನ್ನೋದು ನೆನಪಿರಲಿ. ರ‍್ಯಾಕ್ ಅಂಡ್ ಪಿನಿಯನ್ ಗಾಡಿಯಲ್ಲಿ ಅಷ್ಟು ದೂರ ಬರೋಕೆ ಮುಂಚೆಯೇ ಎಲ್ಲೋ ಏನೋ ಸವೆದುಹೋಗಿರುತ್ತೆ.

ಸರಿ, ಅಷ್ಟು ಸವೆದರೂ ಓಡಿಸೋರಿಗೆ ಯಾಕೆ ಗೊತ್ತಾಗಲ್ಲ? ಯಾಕಂದ್ರೆ ಒಂದೇ ದಿನದಲ್ಲಿ ಸವೆಯಲ್ಲ. ಈ ತಿಂಗಳು ಕೂದಲೆಳೆಯಷ್ಟು, ಮುಂದಿನ ತಿಂಗಳು ಇನ್ನೊಂದಷ್ಟು. ನಿಮ್ಮ ಕೈ ಅದಕ್ಕೆ ತಕ್ಕ ಹಾಗೆ ಕಲಿತುಕೊಳ್ತಾ ಹೋಗುತ್ತೆ. ಗಾಡಿ ಎಡಕ್ಕೆ ಎಳೆದ್ರೆ ಕೈ ತಾನಾಗೇ ಬಲಕ್ಕೆ ಹಿಡಿಯುತ್ತೆ. ನಾನು ಓದಿದ್ದು ಬಿ.ಕಾಂ. ನಮ್ಮ ಪಠ್ಯದಲ್ಲಿ ಡಿಪ್ರಿಸಿಯೇಷನ್‌ಗೆ ಕನ್ನಡದಲ್ಲಿ ‘ಸವಕಳಿ’ ಅಂತಾರೆ. ಯಂತ್ರ ಚೆನ್ನಾಗಿ ಓಡ್ತಾ ಇದ್ರೂ ವರ್ಷ ವರ್ಷ ಸವಕಳಿ ಬರೆಯಲೇಬೇಕು, ಇಲ್ಲಾಂದ್ರೆ ಲೆಕ್ಕದ ಪುಸ್ತಕ ಸುಳ್ಳು ಹೇಳುತ್ತೆ. ಕಾರಿನ ಸವಕಳಿಯನ್ನ ಯಾರೂ ಬರೆಯಲ್ಲ, ಕೈ ಅದನ್ನ ಮುಚ್ಚಿಹಾಕುತ್ತೆ. ಹಾಗಾಗಿ ಗಾಡಿ ಕೆಟ್ಟಿದೆ ಅಂತ ಕೊನೆಗೆ ಗೊತ್ತಾಗೋದು ಅದನ್ನ ದಿನಾ ಓಡಿಸೋರಿಗೇ.

ನಮ್ಮೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಜನರನ್ನ ಇಳಿಸೋ ಕೇಜಿನ ಹಗ್ಗ ‘ನಿನ್ನೆ ಚೆನ್ನಾಗಿತ್ತು’ ಅಂತ ಇವತ್ತು ಸುಮ್ಮನೆ ಬಿಡೋ ಹಾಗಿಲ್ಲ. ನಿತ್ಯ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯಬೇಕು ಅನ್ನೋದು ಗಣಿ ನಿಯಮ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ಅಭ್ಯಾಸವನ್ನಾದ್ರೂ ನಾವು ಉಳಿಸಿಕೊಳ್ಳಬಹುದು.

ಇದೆಲ್ಲಾ ಈಗ ಯಾಕೆ ಅಂತೀರಾ? ರಾಬರ್ಟ್‌ಸನ್‌ಪೇಟೆ ಸಂದಿಗಳಲ್ಲಿ 30ರ ವೇಗದಲ್ಲಿ ಓಡೋ ಗಾಡಿ ಈ ತೊಂದರೆಯನ್ನ ಬಚ್ಚಿಡುತ್ತೆ. ಆದ್ರೆ ಈಗ ಹೊಸಕೋಟೆಯಿಂದ ಬೇತಮಂಗಲದವರೆಗೆ ಎಕ್ಸ್‌ಪ್ರೆಸ್‌ವೇ ತೆರೆದಿದೆ. ಅದೇ ಗಾಡಿ ಅಲ್ಲಿ 80ಕ್ಕೆ ಹೋದ್ರೆ ಸೆಕೆಂಡಿಗೆ 22 ಮೀಟರ್ ಓಡುತ್ತೆ. ಲೇನ್ ಅಗಲ 3.75 ಮೀಟರ್, ಅಂಬಾಸಡರ್ ಅಗಲ ಸುಮಾರು 1.7 ಮೀಟರ್. ಲೇನ್ ಮಧ್ಯದಲ್ಲೇ ಹೋಗ್ತಿದ್ರೂ ಎರಡೂ ಕಡೆ ಉಳಿಯೋದು ಒಂದೊಂದು ಮೀಟರ್. ಗಾಡಿ ಬರೀ 3 ಡಿಗ್ರಿ ಓರೆಯಾದ್ರೆ ಒಂದೇ ಸೆಕೆಂಡಿನಲ್ಲಿ ಆ ಮೀಟರ್ ಮುಗಿದುಹೋಗುತ್ತೆ. ಆಗ ನೀವು ಸ್ಟೀರಿಂಗ್ ತಿರುಗಿಸ್ತೀರಿ, ಮೊದಲ ಅಂಗೈ ಅಗಲ ಖಾಲಿ ಹೋಗುತ್ತೆ. ಹಿಂದಿನ ಸೀಟಿನಲ್ಲಿ ಅಮ್ಮ, ಅಜ್ಜಿ, ಮಕ್ಕಳು ಕೂತಿರ್ತಾರೆ. ಹಳೇ ಅಂಬಾಸಡರ್‌ನಲ್ಲಿ ಏರ್‌ಬ್ಯಾಗ್ ಇಲ್ಲ ಅನ್ನೋದನ್ನ ಮರೀಬೇಡಿ.

ಹಾಗಾದ್ರೆ ಪರೀಕ್ಷೆ ಮಾಡೋದು ಹೇಗೆ? ಖರ್ಚಿಲ್ಲದ್ದರಿಂದ ಶುರು ಮಾಡೋಣ.

ಮೊದಲನೆಯದು, ಗಾಳಿ. ಸ್ಟೀರಿಂಗ್ ಭಾರ ಅನ್ನಿಸಿದ್ರೆ, ಗಾಡಿ ಒಂದು ಕಡೆ ಎಳೆದ್ರೆ, ನಾಲ್ಕೂ ಟೈರಿನ ಗಾಳಿ ನೋಡಿಸಿ. ಅದು ಸರಿಯಿದ್ರೂ ಎಳೀತಾ ಇದ್ರೆ ಮುಂದಿನ ಎರಡು ಚಕ್ರಗಳನ್ನ ಅದಲುಬದಲು ಮಾಡಿ ಹಾಕಿಸಿ. ಎಳೆತ ಇನ್ನೊಂದು ಕಡೆಗೆ ಬದಲಾದ್ರೆ ತೊಂದರೆ ಟೈರಿನದ್ದು. ಬದಲಾಗದಿದ್ರೆ ಒಂದು ಕಡೆಯ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಡ್ರಮ್ ಮಾತ್ರ ಜಾಸ್ತಿ ಬಿಸಿಯಾಗಿದ್ರೆ ಅದೇ ಕಾರಣ. ಕೈ ಹತ್ತಿರ ತಂದು ಶಾಖ ನೋಡಿ, ಮುಟ್ಟಬೇಡಿ.

ಎರಡನೆಯದು, ಇಬ್ಬರು ಸೇರಿ ಮಾಡೋದು. ಗಾಡಿ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಸ್ಟೀರಿಂಗ್ ಮೇಲೆ ಒಂದು ಟೇಪ್ ಅಂಟಿಸಿ. ಒಬ್ಬರು ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸಲಿ, ಇನ್ನೊಬ್ಬರು ಮುಂದಿನ ಚಕ್ರ ನೋಡಲಿ. ಚಕ್ರ ಅಲುಗಾಡೋ ಮುಂಚೆ ಟೇಪ್ ಎಷ್ಟು ದೂರ ಸರಿಯಿತು? ಸ್ಕೇಲ್ ಇಟ್ಟು ಅಳೆದು, ತಾರೀಖು ಹಾಕಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಬಾನೆಟ್ ಎತ್ತಿ, ಬಗ್ಗಿ, ಟಾರ್ಚ್ ಬಿಟ್ಟು ನೋಡಿ. ರ‍್ಯಾಕ್ ಹಿಡಿದಿರೋ ಕ್ಲಾಂಪ್ ಅಲುಗಾಡ್ತಾ ಇದೆಯಾ? ಟೈ ರಾಡ್ ಅಲುಗಾಡಿದ್ರೂ ಚಕ್ರ ಸುಮ್ಮನಿದೆಯಾ? ಚಲನೆ ಎಲ್ಲಿ ಕಳೆದುಹೋಗುತ್ತೋ ಅಲ್ಲೇ ಸವಕಳಿ.

ಮೂರನೆಯದು, ಜಾಕ್. ಇದನ್ನ ಮೆಕ್ಯಾನಿಕ್ ಎದುರಲ್ಲೇ ಮಾಡಿಸಿ, ಸರಿಯಾದ ಸ್ಟ್ಯಾಂಡ್ ಕೊಟ್ಟು. ಇಟ್ಟಿಗೆ, ಕಲ್ಲು ಕೊಟ್ಟು ಗಾಡಿ ಕೆಳಗೆ ಯಾರೂ ಹೋಗಬೇಡಿ. ಎತ್ತಿದ ಚಕ್ರವನ್ನ 3 ಮತ್ತು 9 ಗಂಟೆಯ ಜಾಗದಲ್ಲಿ ಹಿಡಿದು ಆಡಿಸಿದಾಗ ಲೂಸ್ ಇದ್ರೆ ಮೊದಲ ಅನುಮಾನ ಟೈ ರಾಡ್ ಎಂಡ್ ಮೇಲೆ. 12 ಮತ್ತು 6ರಲ್ಲಿ ಲೂಸ್ ಇದ್ರೆ ಕಿಂಗ್ ಪಿನ್ ಅಥವಾ ವೀಲ್ ಬೇರಿಂಗ್. ಯಾವುದು ಅಂತ ತಿಳಿಯೋಕೆ ಯಾರಾದ್ರೂ ಬ್ರೇಕ್ ತುಳಿದು ಹಿಡೀಲಿ. ಆಗ ಅಲುಗಾಟ ನಿಂತ್ರೆ ಬೇರಿಂಗ್. ನಿಲ್ಲದಿದ್ರೆ ಕಿಂಗ್ ಪಿನ್ ಕಡೆ ನೋಡಿ.

ಇನ್ನೊಂದು ದೂರು, ‘60 ದಾಟಿದ್ರೆ ಸ್ಟೀರಿಂಗ್ ನಡುಗುತ್ತೆ’. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ನಡುಗಿ ಆಮೇಲೆ ಕಮ್ಮಿಯಾದ್ರೆ ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸಿಂಗ್ ಅಥವಾ ಸೊಟ್ಟಗಾದ ರಿಮ್. ಗುಂಡಿಗೆ ಬಿದ್ದ ಮೇಲೆ ಇಡೀ ಮುಂಭಾಗ ಒದರಾಡಿದ್ರೆ ಬ್ಯಾಲೆನ್ಸಿಂಗ್‌ನಿಂದ ಅದು ಸರಿಹೋಗಲ್ಲ, ಸವೆದ ಭಾಗ ಹುಡುಕಲೇಬೇಕು.

ಈಗ ದುಡ್ಡು ಉಳಿಸೋ ಎರಡು ಮಾತು.

ಒಂದು, ಸವೆದ ಭಾಗ ಬದಲಾಯಿಸೋ ಮುಂಚೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಡಿ. ಲೂಸ್ ಇರೋ ಜಾಯಿಂಟ್ ಮೇಲೆ ಅಲೈನ್‌ಮೆಂಟ್ ಅಂದ್ರೆ ಅಲುಗಾಡೋ ಮೇಜಿನ ಮೇಲೆ ತಕ್ಕಡಿ ಇಟ್ಟ ಹಾಗೆ. ಮೊದಲು ಗ್ರೀಸ್, ಆಮೇಲೆ ಸವೆದ ಭಾಗ, ಕೊನೆಗೆ ಅಲೈನ್‌ಮೆಂಟ್. ಆ ಕ್ರಮ ತಪ್ಪಿದ್ರೆ ಅದೇ ಕೆಲಸಕ್ಕೆ ಎರಡು ಸಲ ದುಡ್ಡು.

ಎರಡು, ‘ರ‍್ಯಾಕ್ ಟೈಟ್ ಮಾಡಿ ಕೊಡ್ತೀನಿ, ಪ್ಲೇ ಹೋಗುತ್ತೆ’ ಅಂದ್ರೆ ಹುಷಾರು. ನಾವು ಬಹುಪಾಲು ನೇರ ಓಡಿಸೋದರಿಂದ ರ‍್ಯಾಕ್‌ನ ಹಲ್ಲು ಮಧ್ಯದಲ್ಲೇ ಜಾಸ್ತಿ ಸವೆದಿರುತ್ತೆ, ತುದಿಗಳಲ್ಲಿ ಕಮ್ಮಿ. ಮಧ್ಯಕ್ಕೆ ಸರಿಹೋಗೋ ಹಾಗೆ ಬಿಗಿ ಮಾಡಿದ್ರೆ ತಿರುವಿನಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳುತ್ತೆ, ತಾನಾಗಿ ವಾಪಸ್ ಬರಲ್ಲ. ಬಿಗಿ ಮಾಡಿದ ಮೇಲೆ ಈ ಕೊನೆಯಿಂದ ಆ ಕೊನೆವರೆಗೆ ತಿರುಗಿಸಿ ನೋಡಿ, ಎಲ್ಲೂ ಸಿಕ್ಕಿಕೊಳ್ಳಬಾರದು. ರ‍್ಯಾಕ್ ತುದಿಯ ರಬ್ಬರ್ ಬೂಟ್ ಹರಿದಿದೆಯಾ ಅಂತಲೂ ನೋಡಿ. ಧೂಳು ನುಗ್ಗೋದು ಅಲ್ಲಿಂದಲೇ. ಸೈನೈಡ್ ದಿಬ್ಬದ ಧೂಳು ಗಾಳಿಗೆ ಏಳೋ ಊರಲ್ಲಿ ಧೂಳಿನ ಬಗ್ಗೆ ನಾನು ಹೇಳೋದೇನಿದೆ!

ಬಿಡಿಭಾಗಗಳ ವಿಷಯ. ತಯಾರಿಕೆ ನಿಂತ ಗಾಡಿ ಆದ್ದರಿಂದ ಸಿಗೋದರಲ್ಲಿ ಹಳೇ ಸ್ಟಾಕ್ ಇರುತ್ತೆ, ಡೂಪ್ಲಿಕೇಟೂ ಇರುತ್ತೆ. ಹಳೇ ಭಾಗವನ್ನ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ. ಇಟ್ಟಿಟ್ಟು ರಬ್ಬರ್ ಬಿರುಕು ಬಿಟ್ಟಿದ್ರೆ ಬೇಡ. ಟೈ ರಾಡ್ ಎಂಡ್‌ನ ನಟ್‌ಗೆ ಹಾಕೋ ಸ್ಪ್ಲಿಟ್ ಪಿನ್ ಹೊಸದೇ ಇರಲಿ. ತೀರಾ ಅಗ್ಗದ ವಸ್ತು ಅದು, ಆದರೆ ಆ ನಟ್ ಕಳಚದ ಹಾಗೆ ಕಾಯೋದು ಅದೇ. ಹಳೇ ಪಿನ್ ನೇರ ಮಾಡಿ ಮತ್ತೆ ಚುಚ್ಚೋಕೆ ಬಿಡಬೇಡಿ.

ನಿಮ್ಮ ಗಾಡಿಗೆ 15 ವರ್ಷ ದಾಟಿದ್ರೆ ಖಾಸಗಿ ಕಾರಿನ ನೋಂದಣಿಯನ್ನ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ಗಾಡಿ ತಪಾಸಣೆಗೆ ಹೋಗುತ್ತೆ. ಆದ್ರೆ ಐದು ವರ್ಷದ ತನಕ ಸ್ಟೀರಿಂಗ್ ಕಾಯಲ್ಲ.

ಅದಕ್ಕೇ ಈ ಭಾನುವಾರ ಒಂದು ಕೆಲಸ ಮಾಡಿ. ಗಾಡಿ ಅಪ್ಪನದ್ದೋ ಮಾವನದ್ದೋ ಆಗಿದ್ರೆ ‘ನಿಮಗೆ ಓಡಿಸೋಕೆ ಬರಲ್ಲ’ ಅನ್ನೋ ಥರ ಶುರು ಮಾಡಬೇಡಿ, ಜಗಳ ಆಗುತ್ತೆ. ‘ಅಪ್ಪಾ, ಸ್ಟೀರಿಂಗ್ ಸ್ವಲ್ಪ ಆಡಿಸಿ, ನಾನು ಚಕ್ರ ನೋಡ್ತೀನಿ’ ಅನ್ನಿ. ಟೇಪ್ ಎಷ್ಟು ಸರಿಯಿತು ಅಂತ ಅವರಿಗೇ ತೋರಿಸಿ. ಆಮೇಲೆ ಆ ಗಾಡಿಯ ಅಭ್ಯಾಸ ಇಲ್ಲದ, ಚೆನ್ನಾಗಿ ಓಡಿಸೋಕೆ ಬರೋ ಒಬ್ಬರ ಕೈಗೆ ಕೊಟ್ಟು ಖಾಲಿ ರಸ್ತೆಯಲ್ಲಿ ಮೆಲ್ಲಗೆ ಒಂದು ಸುತ್ತು ಹಾಕಿಸಿ. ಅವರು ‘ಏನಿದು ಹಿಂಗೆ?’ ಅಂದ್ರೆ ‘ಅಭ್ಯಾಸ ಆಗುತ್ತೆ ಬಿಡಿ’ ಅನ್ನಬೇಡಿ. ಗಾಡಿಯನ್ನ ಗ್ಯಾರೇಜಿಗೆ ಬಿಡಿ. ರಿಪೇರಿ ಆಗೋವರೆಗೂ ಎಕ್ಸ್‌ಪ್ರೆಸ್‌ವೇ ಬೇಡ.

ನಿಮ್ಮ ಟೇಪ್ ಎಷ್ಟು ಸೆಂಟಿಮೀಟರ್ ಸರಿಯಿತು ಅಂತ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.